ಅವರವ್ವ ಕೂಗಿದ ಹಾಗೆ

ತೆರಕಣಾಂಬಿಯ ಹುಣಿಸೆಮರದಡಿ ಚಾಮರಾಜನಗರದ ಬಸ್ಸಿಗೆ ಕಾಯುತ್ತಿದ್ದ ಕರಿಬಸವಯ್ಯನಿಗೆ, ಪಕ್ಕದ ಕಲ್ಲಿನ ಮೇಲೆ ಕುಳಿತ ಇಬ್ಬರು ಹೆಂಗಸರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಗಂಗಾಂಬಿಕೆಗೆ ಅವಳ ಗಂಡನ ಅಕ್ಕ ಬುದ್ಧಿ ಹೇಳುತ್ತಿದ್ದಳು. ಮರೆವು ಹಿಡಿದ ಆ ಗಂಡ ತುಸು ದೂರದಲ್ಲಿ, ನಿಂತ ಎತ್ತಿನಗಾಡಿಯೊಂದನ್ನು ನೋಡುತ್ತಿದ್ದ.

“ಗಂಡನ್ನ ಹೆಸ್ರಿಡ್ದು ಕೂಗ್ತೀಯಂತಲ್ಲಮ್ಮಿ? ನಮ್ಮ ಮನೇಲಿ ಯಾವ ಹೆಂಗ್ಸು ಕೂಗಿದ್ಲು?”

“‘ಇಲ್ನೋಡಿ’ ಅಂದ್ರೆ ತಿರುಗಕ್ಕಿಲ್ಲ ಅತ್ಗೆ. ನಾನ್ಯಾರು ಅನ್ನಾದ್ನೇ ಮರ್ತವ್ರೆ. ಅವರವ್ವ ಕೂಗ್ತಿದ್ದಂಗೆ ಕೂಗುದ್ರೇ ಬರಾದು.”

“ಗಂಡನ ಹೆಸ್ರೇಳುದ್ರೆ ಅವನ ಆಯಸ್ಸು ಕಮ್ಮಿಯಾಯ್ತದೆ ಕಣಮ್ಮಿ!”

“ಮೊನ್ನೆ ಬಾವಿ ಕಟ್ಟೆ ಅತ್ತಿ ನಿಂತಿದ್ರು. ಹೆಸ್ರಿಡ್ದು ಕೂಗಿದ್ಕೇ ಇಳ್ದು ಬಂದ್ರು. ಆಯಸ್ಸು ಉಳ್ಸಿದ್ದು ಯಾವ್ದು?”

“ಅವನ್ನ ಕಂಬಕ್ಕೆ ಕಟ್ಬುಡು ಅಂತ ನಾನಂದ್ನಲ್ಲ. ಜನ ಆಡ್ಕಳಾದಾದ್ರೂ ತಪ್ತದೆ.”

“ಕಟ್ಟಾಕೆ ಅವ್ರೇನು ದನವಾ? ನಾನಿರಗಂಟ ಅವ್ರ ಮೈಗೆ ಹಗ್ಗ ಸೋಕ್ಬಾರ್ದು. ಆಡ್ಕಳೋರು ಆಡ್ಕಳ್ಲಿ ಬುಡಿ.”

ಹೆಂಗಸರು ಕಾಯುತ್ತಿದ್ದ ಗುಂಡ್ಲುಪೇಟೆಯ ಬಸ್ಸು ಬಂತು. ಅಷ್ಟರಲ್ಲಿ ಗಾಡಿ ಹೊರಟಿತ್ತು. ಗಂಡನೂ ಅದರ ಹಿಂದೆಯೇ ನಡೆದುಬಿಟ್ಟಿದ್ದ.

“ಇಷ್ಟು ಜನರೆದ್ರಿಗೆ ಬ್ಯಾಡ ಕಣಮ್ಮಿ, ಮಾನ ಓಯ್ತದೆ!”

ಗಂಗಾಂಬಿಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದಳು. ಬಸ್ಸಿನೊಳಗಿದ್ದವರೂ ಇಣುಕಿ ನೋಡುವ ಹಾಗೆ ಕೂಗಿದಳು: “ಮರಿಮಲ್ಲಾ! ಬಾ ಮಗಾ, ಉಣ್ಣಾಕೆ!”

ತಲೆ ನರೆತ ಮರಿಮಲ್ಲಪ್ಪ ಗಕ್ಕನೆ ತಿರುಗಿದ. “ಬಂದೆ ಕಣವ್ವಾ” ಎನ್ನುತ್ತ ಓಡೋಡಿ ಬಂದ. ಯಾರೋ ಕಿಸಕ್ಕೆಂದರು. ಅವಳು ಅತ್ತ ನೋಡಲೂ ಇಲ್ಲ. ಗಂಡನನ್ನು ಮುಂದೆ ಹತ್ತಿಸಿ, ಮೆಟ್ಟಿಲ ಮೇಲಿಂದ ಬಗ್ಗಿ ಹೇಳಿದಳು:

“ಬನ್ನಿ ಅತ್ಗೆ, ಜಾಗ ಇಡ್ದಿರ್ತೀನಿ. ನಾಚ್ಕೆಯಾದ್ರೆ ಹಿಂದ್ಗಡೆ ಕೂತ್ಕಳಿ.”