ಒಂಬತ್ತರಣ್ಣ

ಪದ್ಮನಾಭನಗರದ ಬಸ್ ಸ್ಟಾಪಿನಲ್ಲಿ ತನ್ನ ಮುಂದಿದ್ದ ಗಂಡಹೆಂಡತಿ ಪಿಸುಗುಟ್ಟುವ ಜಾತಿಯವರಲ್ಲ ಎಂದು ಗೊತ್ತಾದ ಕೂಡಲೇ ಮನೋಜ ಇಯರ್‌ಫೋನ್ ಕಿತ್ತು ಕಿವಿ ನಿಮಿರಿಸಿದ.

“ರೀ, ಈ ಬೇಸಿಗೇಲಿ ನಮ್ ಕ್ಯಾಂಪ್ ಇಲ್ಲ ಅಂದ್ರೆ ಮನೆ ಬಿಕೋ ಅನ್ನುತ್ತೆ. ಇಷ್ಟು ವರ್ಷ ಊರೂರು ಸುತ್ತಿಸಿದ್ವಲ್ಲ, ಆ ಹೈಸ್ಕೂಲ್ ಮಕ್ಕಳಿಗೆ ಏನಾದ್ರೂ ನೆನಪಿರುತ್ತಾ?”

“ನೀನು ತಲೆ ಎಣಿಸ್ತಿದ್ದಿದ್ದನ್ನ ಮರೆಯೋಕಾಗುತ್ತೇನೆ ಕಲ್ಯಾಣಿ?”

“ಎಣಿಸೋಕೆ ಎಲ್ಲಿ ಬಿಡ್ತಿದ್ರು? ಬಸ್ ಪಕ್ಕ ಸಾಲಾಗಿ ನಿಂತು ನಂಬರ್ ಹೇಳ್ರೋ ಅಂದ್ರೆ, ಒಬ್ಬ ‘ಹತ್ತು’ ಅಂದ ತಕ್ಷಣ ಅಷ್ಟೂ ಕೋತಿಗಳು ಬಸ್ ಹತ್ತಿಬಿಡ್ತಿದ್ವು!”

“ಅದಕ್ಕೇ ತಾನೆ ನೀನು ಹತ್ತನ್ನೇ ಬ್ಯಾನ್ ಮಾಡಿ ‘ಒಂಬತ್ತರಣ್ಣ’ ಅನ್ನಿಸಿದ್ದು.”

“ನಗ್ಬೇಡಿ. ಅದೂ ಮರೆತಿರ್ತಾರೆ.”

“ಕ್ಯಾಂಪಿಗೆ ಬರ್ತಿದ್ದ ಶ್ವೇತ ಬೆಳಿಗ್ಗೆ ಫೋನ್ ಮಾಡಿದ್ಲು. ಅವಳ ಮಗಳು ಎಲ್‌ಕೆಜೀಲಿ ‘ಎಂಟು, ಒಂಬತ್ತು, ಒಂಬತ್ತರಣ್ಣ’ ಅಂದ್ಲಂತೆ. ಮಿಸ್ಸು ಶ್ವೇತನ್ನ ಕರೆಸಿ, ಮನೇಲಿ ಇದೇನ್ರೀ ಹೇಳ್ಕೊಟ್ಟಿರೋದು ಅಂತ ಕ್ಲಾಸ್ ತಗೊಂಡ್ರಂತೆ!”

ಕಲ್ಯಾಣಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಬನಶಂಕರಿ ಬಸ್ ಬಂತು.

“ಹತ್ತು, ಹತ್ತು!” ಎಂದು ಗಂಡ ಅವಸರಿಸಿದರು.

“ಹನ್ನೊಂದು!” ಎನ್ನುತ್ತ ಕಲ್ಯಾಣಿ ಮೆಟ್ಟಿಲೇರಿದರು.

ಅವರ ಹಿಂದೆಯೇ ಕಾಲಿಟ್ಟ ಮನೋಜನ ಬಾಯಿಂದ, ಅವನಿಗೇ ತಿಳಿಯದಂತೆ, “ಹನ್ನೆರಡು” ಜಾರಿತು.