ತ್ರಿಲೋಚನ ಈಜಿ ದಡ ಸೇರಿದ್ದು

ರಾಯಚೂರು ಬಸ್‌ ನಿಲ್ದಾಣದಲ್ಲಿ ಮಾನ್ವಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಇಬ್ಬರು ಹೆಂಗಸರು. ಸೀರೆಯಿಂದ ಮೆಣಸಿನಕಾಯಿಯ ಘಾಟು ಬರುತ್ತಿತ್ತು. ಹಿರಿಯಳ ಮಡಿಲಲ್ಲಿ ರಟ್ಟು ಕಿತ್ತ ಪತ್ತೇದಾರಿ ಕಾದಂಬರಿ.

“ಬಸವಂತಮ್ಮಕ್ಕಾ, ನಿನ್ನಿ ಈ ಪುಸ್ತಕ ಮನಿಗೆ ಒಯ್ದಿದ್ದೆ. ಮಗಳ ಕೈಲೆ ಕಡೀ ಪುಟ ಓದಿಸಿದೆ.”

“ನನ್ನ ಕೇಳದ ಯಾಕ ಒಯ್ದಿ, ತಹಸೀನ್?”

“ಪತ್ತೇದಾರ ತ್ರಿಲೋಚನ ಹೊಳ್ಯಾಗ ಮುಳುಗಿ ಸತ್ತ ಅಂತ ಬರದಾರ. ನೀ ನೋಡಿದ್ರ ಈಜಿ ದಡ ಸೇರಿದ ಅಂತ ಓದಿದಿ.”

“ಹೌದು, ಓದೀನಿ.”

“ನೀ ನಮಗೆಲ್ಲ ಓದಿ ಹೇಳಾಕಿ ಅಂತ ಗೋದಾಮಿನ್ಯಾಗ ನಿನ್ನ ಪಾಲಿನ ಮೆಣಸಿನಕಾಯಿ ತೊಟ್ಟೂ ನಾವೇ ಮುರೀತೀವಿ. ಓದಾಕ ಬರಲಾರದ ಹನ್ನೆರಡು ಮಂದಿಗೆ ಸುಳ್ಳು ಹೇಳ್ತಿ?”

“ನಲವತ್ತು ಪುಸ್ತಕದಾಗ ಬಂದೂಕಿನ ಗುಂಡಿಗೆ ಸಾಯದಾಂವ ನೀರಾಗ ಸಾಯ್ತಾನೇನು?”

“ಬರದಾಂವನೇ ಸಾಯಿಸ್ಯಾನಲ್ಲ.”

“ಅಂವ ಕೋಣ್ಯಾಗ ಒಬ್ಬನೇ ಕುಂತು ಸಾಯಿಸ್ಯಾನ. ನಿಮ್ಮೆಲ್ಲರ ಮಾರಿ ನೋಡ್ಕೋತ ಓದಾಕಿ ನಾನು. ನಿಮ್ಮ ಕೈ ಉರಿ ಇಷ್ಟು ವರ್ಷ ಮರೆಸಿದಾಂವ, ನನ್ನ ಬಾಯಾಗ ಸಾಯಂಗಿಲ್ಲ.”

“ಇದೇ ಕಡೀ ಪುಸ್ತಕಂತ. ನಾಳಿ ಏನು ಓದ್ತಿ?”

“ಇದನ್ನೇ ಕೈಯಾಗ ಹಿಡ್ಕೋತೀನಿ. ಮುಂದಿನ ಕತಿ ನಂದು. ಎಲ್ಲಾರಿಗೂ ಹೇಳೂದಿದ್ರ ಹೇಳು, ನಾ ಅಂಜಂಗಿಲ್ಲ.”

ಯಾಪಲದಿನ್ನಿ ಬಸ್ಸು ಬಂದು ನಿಂತಿತು. ಇಬ್ಬರೂ ಬುತ್ತಿ ಚೀಲ ಎತ್ತಿಕೊಂಡು ಎದ್ದರು. ಬಸ್ಸಿನ ಮೆಟ್ಟಿಲ ಮೇಲೆ ತಹಸೀನ್ ಹಿಂತಿರುಗಿದಳು.

“ಅಕ್ಕಾ, ದಡಕ್ಕ ಬಂದ ಮ್ಯಾಲ ಅವಗ ಒಣ ಅಂಗಿ ಯಾರು ಕೊಟ್ರು?”

“ನಾಳಿ ಕೆಲಸಕ್ಕ ಬಾ. ಓದ್ತೀನಿ.”