ತಂಗಿಯ ಕಂಪ್ಯೂಟರ್ ಯಾಕೆ ನಿಂತುಹೋಗುತ್ತೆ

...ಹೊಸದಾ? ಇದಕ್ಕೇನಾಗಿದೆ ಅಂತ ಹೊಸದು? ನಿಂತುಹೋಯ್ತು, ಅಷ್ಟೇ ತಾನೇ? ಹೋದ ತಿಂಗಳೂ ನಿಂತಿತ್ತು, ಅದರ ಹಿಂದಿನ ತಿಂಗಳೂ ನಿಂತಿತ್ತು. ಅಕ್ಕ ಅನ್ನೋಳು ಸರಿಮಾಡಿ ಕೊಡಲಿಲ್ವಾ? ನೆಗಡಿ ಬಂತು ಅಂತ ಯಾರಾದ್ರೂ ಮೂಗು ಕೊಯ್ಕೊಳ್ತಾರಾ? ನಗು, ನಗು. ಕೂತ್ಕೊಂಡು ನಗು. ಅಂಗಡೀಲಿ ನೀನು ಕೂರ್ತಿದ್ದ ಕುರ್ಚಿ ಅಲ್ಲೇ ಇದೆ, ಮೇಲಿರೋ ಪ್ರಿಂಟರ್ ಇಳಿಸು.

ನಾಟಕದ ಧ್ವನಿ ಜೋಡಿಸ್ತಾ ಇರುವಾಗ್ಲೇ ನಿಂತಿತಾ? ಎಷ್ಟು ಹೋಯ್ತು? ...ಇಡೀ ದೃಶ್ಯವಾ? ಛೆ. ಅಷ್ಟಾಗ್ಬಾರ್ದಿತ್ತು. ಅಂದ್ರೆ... ಯಾರಿಗೂ ಅಷ್ಟಾಗ್ಬಾರ್ದು ಅಂದೆ. ಯಾಕೆ ಹಾಗೆ ನೋಡ್ತೀಯ?

ಧೂಳು ಕಣೆ. ನೀನು ಹಿಡಿದಿರೋ ಮನೆ ರಸ್ತೆ ಪಕ್ಕ, ಕಿಟಕಿ ಬೇರೆ ತೆಗೆದಿಟ್ಟಿರ್ತೀಯ. ಇಲ್ಲೇ ಹಿಂದಿನ ಕೋಣೆ ಖಾಲಿ... ಸರಿ, ಸರಿ. ಆ ಮಾತು ಎತ್ತಲ್ಲ.

ಏನು? ಮುಚ್ಚಳ ತೆಗೆದು ನೀನೇ ಒರೆಸಿದೀಯಾ? ಧೂಳಿಲ್ವಾ? ಹಾಗಾದ್ರೆ ಮೆಮೊರಿ. ಇಲ್ಲಿ ಇಷ್ಟು ವರ್ಷ ಕೂತು ನೀನು ಬರೀ ಫೋನ್ ಎತ್ತಿದೆ, ಇದೊಂದು ಕಲೀಲಿಲ್ಲ. ಅಮ್ಮ ಅಟ್ಟದ ಮೇಲಿಂದ ಡಬ್ಬ ತಾ ಅಂತಿದ್ಲಲ್ಲ, ಏನು ಮಾಡ್ತಿದ್ವಿ? ಏಣಿ ಇಡಬೇಕು, ಹತ್ತಬೇಕು, ತಡಕಬೇಕು, ಕೊಟ್ಟಮೇಲೆ ಏಣಿ ಎತ್ತಿ ಇನ್ನೊಂದು ಕಡೆ ಇಡಬೇಕು. ಮೆಮೊರಿಗೂ ಅಷ್ಟೇ. ಒಂದೊಂದಕ್ಕೂ ಒಳಗಿನ ಗಡಿಯಾರದ ಇಷ್ಟು ಮಿಡಿತ ಕಾಯಬೇಕು ಅಂತ ಲೆಕ್ಕ ಇದೆ. ಕಾಯೋದು ಕಮ್ಮಿ ಮಾಡಿದ್ರೆ ಚುರುಕಾಗುತ್ತೆ. ತೀರಾ ಕಮ್ಮಿ ಮಾಡಿದ್ರೋ, ಏಣಿ ನಿಲ್ಲೋ ಮುಂಚೆನೇ ಕೈ ಚಾಚಿದ ಹಾಗೆ. ಉಪ್ಪು ಕೇಳಿದ್ರೆ ಸಕ್ಕರೆ ಬರುತ್ತೆ. ಆತುರಗಾರನಿಗೆ ಬುದ್ಧಿ ಮಟ್ಟ.

ಯಾರ ಹಾಗೆ? ನನ್ನ ಹಾಗಾ? ಒಪ್ತೀನಮ್ಮ. ಕೇಳೋ ಮುಂಚೆನೇ ಉತ್ತರ ಹೇಳ್ತೀಯ, ಅದೂ ತಪ್ಪು ಉತ್ತರ, ಅಂತ ತಾನೇ ನೀನು ಚೀಲ ತಗೊಂಡು ಹೊರಟಿದ್ದು? ಆದ್ರೆ ಕೆಲಸದಲ್ಲಿ ನನ್ನನ್ನ ಯಾರೂ ಬೆರಳು ಮಾಡಿ ತೋರಿಸೋ ಹಾಗಿಲ್ಲ. ಕಾಲೇಜು ನೋಡಿದವಳಲ್ಲ. ಜನ ಪೆಟ್ಟಿಗೆ ಜೊತೆ ಎಸೆಯೋ ಪುಸ್ತಕ ಓದಿ ಓದಿ ಕಲಿತವಳು. ಈ ಬೀದೀಲಿ ಮೆಮೊರಿ ಹದ ನನ್ನಷ್ಟು ತಿಳಿದವರು...

ಹಾಂ, ತೆಗಿ, ತೆಗಿ, ಆ ಮೆಮೊರಿ ಪಟ್ಟಿ ಹೊರಗೆ ತೆಗಿ. ಅದರ ಚೀಟಿ ಮೇಲೆ ಏನಿದೆ? ಹದಿನಾರು. ಸರಿಯಾಗಿದೆ. ತಯಾರಿಸಿದವರು ಅಷ್ಟು ಮಿಡಿತ ಕಾಯಬೇಕು ಅಂದಿದಾರೆ. ಈಗ ವಾಪಸ್ ಕೂರಿಸಿ ಆನ್ ಮಾಡ್ತೀನಿ, ನೀನು ಪರದೆ ನೋಡ್ಬೇಡ, ನೀಲಿ ಬೆಳಕು ಕಣ್ಣಿಗೆ ಒಳ್ಳೇದಲ್ಲ. ಆ ಕಡೆ ತಿರುಗು. ತಿರುಗೇ.

...ನೋಡಿಬಿಟ್ಟೆಯಾ.

ಹೌದು. ಪರದೆ ಮೇಲೆ ಹನ್ನೆರಡು ಅಂತ ಇದೆ. ತಾನಾಗೇ ಬದಲಾಗಿರುತ್ತೆ. ಒಳಗಿನ ಬ್ಯಾಟರಿ ಸತ್ತಿರ್ಬೇಕು. ...ಗೊತ್ತು, ಬ್ಯಾಟರಿ ಸತ್ರೆ ಅಂಕಿ ತಯಾರಿಸಿದವರು ಹೇಳಿದ್ದಕ್ಕೇ ವಾಪಸ್ ಬರುತ್ತೆ, ಕಮ್ಮಿ ಆಗಲ್ಲ. ಇದು ಮಾತ್ರ ಕಲಿತಿದೀಯ ನೋಡು. ಹಾಗಾದ್ರೆ ನೀನೇ ಏನೋ ಒತ್ತಿರ್ತೀಯ. ...ಹೌದಲ್ಲ, ಅಂಕಿ ಬದಲಾಯಿಸೋಕೆ ಪಾಸ್‌ವರ್ಡ್ ಬೇಕು. ನಾನೇ ಹಾಕಿದ್ದು. ನಿನಗೆ ಹೇಳಿಯೂ ಇಲ್ಲ.

ಚುರುಕಾಗ್ಲಿ ಅಂತ ಇಳಿಸಿದೆ ಅಂದ್ಕೋ. ನಿನ್ನ ಒಳ್ಳೇದಕ್ಕೇ. ಮೊದಲ ಸಲ ನಿಂತಾಗ್ಲೇ ಏರಿಸಬಹುದಿತ್ತು, ನಿಜ. ಎರಡನೇ ಸಲ... ಆಗ ನೀನು ಬಂದು ಸಂಜೆವರೆಗೂ ಕೂತಿದ್ದೆ. ಕಾಲು ನೋಯುತ್ತೆ ಅಂತ ಮೇಜಿನ ಮೇಲೆ ಕಾಲು ಚಾಚಿದ್ದೆ, ನಾನು ಬೈದೆ. ಕೆಲಸದ ಗಡಿಬಿಡೀಲಿ ಅಂಕಿ ಮರ್ತೋಯ್ತು.

ಬೈಯೋದಿದ್ರೆ ಬೈದ್ಬಿಡು.

ತಗೋ, ಹದಿನಾರು ಹಾಕಿದೆ. ನಿನ್ನ ಕಣ್ಣೆದುರೇ ಹಾಕಿದೆ. ಹೊಸದೇನೂ ಬೇಡ. ಇನ್ನು ಇದು ನಿಲ್ಲಲ್ಲ, ಕೆಡಲ್ಲ, ಹತ್ತು ವರ್ಷ ನೀನು ಈ ಕಡೆ ತಲೆ ಹಾಕದಿದ್ರೂ ನಡೀತಿರುತ್ತೆ.

...ಅಲ್ಲ, ಸುಮ್ನೆ ಕೇಳ್ತೀನಿ. ನಿನ್ನ ಕೀಬೋರ್ಡು ಹೇಗಿದೆ?